ಚಾಪೆ, ಸೋಪು, ಇಟ್ಟಿಗೆ

“ಮೂಲೆ ಬಿಟ್ಟೆ, ಮೂಲೆ!” ಎಂದು ಅಪ್ಪ ಅಡುಗೆಮನೆಯಿಂದಲೇ ಕೂಗಿದರು.

“ನೀನು ಅಲ್ಲಿದೀಯ. ನಿಂಗೆ ಹೇಗಪ್ಪ ಕಾಣಿಸ್ತು?” ಎಂದಳು ಸಾಸಿವೆ.

“ಕಾಣಿಸ್ಬೇಕಾಗಿಲ್ಲ. ಮೂಲೆ ಒರೆಸಿದ್ರೆ ಗಾಜು ಕೀಂಯ್ ಅನ್ನುತ್ತೆ. ನಿಂದು ಅನ್ನಲಿಲ್ಲ.”

ಸಾಸಿವೆ ಸ್ಟೂಲಿನ ಮೇಲೆ ತುದಿಗಾಲಲ್ಲಿ ನಿಂತು, ಒದ್ದೆ ಪೇಪರಿನ ಉಂಡೆಯಿಂದ ಮೂಲೆಯನ್ನು ತಿಕ್ಕಿದಳು. ಗಾಜು ಕೀಂಯ್ ಅಂದಿತು. ಅಪ್ಪ ಕಿಟಕಿಗಳಿಗೆ ಗಾಜು ಕೂರಿಸುವ ಕೆಲಸದವರು. ಬೀದಿಯಲ್ಲಿ ಯಾರ ಮನೆಯ ಕಿಟಕಿ ಕೊಳೆಯಾಗಿದ್ದರೂ ನಡೆಯುತ್ತಿತ್ತು, ಇವರ ಮನೆಯದು ಆಗಬಾರದು. ಹಾಗಾಗಿ ಪ್ರತಿ ಶನಿವಾರ ಬೆಳಗ್ಗೆ ಕಿಟಕಿ ಒರೆಸುವ ಕೆಲಸ ಸಾಸಿವೆಯ ಪಾಲಿಗೆ ಬಂದಿತ್ತು.

ಸಾಸಿವೆ ಅನ್ನುವುದು ಅವಳ ನಿಜವಾದ ಹೆಸರಲ್ಲ. ಹುಟ್ಟಿದಾಗ ಅಂಗೈಯಷ್ಟೇ ಇದ್ದಳಂತೆ. ಅಜ್ಜಿ ನೋಡಿ, “ಇದೇನೇ ಇದು, ಸಾಸಿವೆ ಕಾಳು!” ಅಂದರಂತೆ. ಆಮೇಲೆ ಅವಳು ಬೆಳೆದಳು, ಹೆಸರು ಬೆಳೆಯಲಿಲ್ಲ. ಈಗ ಐದನೇ ಕ್ಲಾಸಿನ ಎಲ್ಲರಿಗೂ ಅವಳು ಸಾಸಿವೆಯೇ.

ಇನ್ನೊಂದು ಮೂಲೆಗೆ ಕೈ ಹಾಕುವಷ್ಟರಲ್ಲಿ ಬಾಗಿಲು ಧಡಧಡ ಅಂದಿತು.

“ಬಾಗಿಲು ತೆಗೀರೋ! ಕೈ ಖಾಲಿ ಇಲ್ಲ, ಕಾಲಲ್ಲಿ ಬಡೀತಿದೀನಿ!”

ಅದು ಚಿಕ್ಕಮ್ಮನ ದನಿ. ಸಾಸಿವೆ ಸ್ಟೂಲಿನಿಂದ ಜಿಗಿದು ಬಾಗಿಲು ತೆಗೆದಳು. ಚಿಕ್ಕಮ್ಮನ ಮುಖ ಕಾಣಿಸಲಿಲ್ಲ. ಒಂದರ ಮೇಲೊಂದು ಮೂರು ಡಬ್ಬಗಳು, ಅವುಗಳ ಮೇಲೆ ಚಿಕ್ಕಮ್ಮನ ಕನ್ನಡಕ ಮಾತ್ರ ಕಾಣಿಸಿತು.

ಚಿಕ್ಕಮ್ಮನದು ಪ್ರಯಾಣದ ಸಾಮಾನುಗಳ ಅಂಗಡಿ. ಟೆಂಟು, ಬೆನ್ನಿಗೆ ಹಾಕುವ ದೊಡ್ಡ ಬ್ಯಾಗು, ಹಣೆಗೆ ಕಟ್ಟುವ ಟಾರ್ಚು, ಎಲ್ಲ ಅಲ್ಲಿ ಸಿಗುತ್ತವೆ.

“ತಗೋಮ್ಮ, ಮೂರು ಥರದ ಸೋಲಾರ್ ಚಾರ್ಜರ್. ಇವು ಗಿರಾಕಿಗಳಿಗೆ ತೋರಿಸೋ ಪೀಸು. ಬೀಳಿಸಬೇಡ, ಗೀಚಬೇಡ. ನೋಡಿ, ಪರೀಕ್ಷೆ ಮಾಡಿ, ಯಾವುದು ಅಂತ ನಾಳೆ ಸಾಯಂಕಾಲ ಹೇಳು. ನೀನು ಹೇಳಿದ್ದನ್ನೇ ಸ್ಕೂಲಿನವರು ತಗೋತಾರಂತೆ.”

“ನಾನು ಹೇಳಿದ್ದನ್ನಾ?”

“ಹೂಂ ಮತ್ತೆ! ನಿಮ್ಮ ಮಿಸ್ಸು ಫೋನ್ ಮಾಡಿದ್ರು. ‘ನಿಮ್ಮ ಹುಡುಗಿ ಸೋಲಾರ್ ವಿಷಯದಲ್ಲಿ ಎಕ್ಸ್‌ಪರ್ಟ್ ಅಂತೆ’ ಅಂದ್ರು. ನಂಗೇ ಗೊತ್ತಿರಲಿಲ್ಲ ನೋಡು!”

ಸಾಸಿವೆಯ ಕೈಯಲ್ಲಿದ್ದ ಪೇಪರಿನ ಉಂಡೆ ನೆಲಕ್ಕೆ ಬಿತ್ತು.

*

ಆಗಿದ್ದು ಇಷ್ಟು.

ಮುಂದಿನ ವಾರ ಐದನೇ ಕ್ಲಾಸಿನವರಿಗೆ ಕ್ಯಾಂಪ್ ಇತ್ತು. ಕೆರೆಯ ದಂಡೆಯಲ್ಲಿ ಟೆಂಟು ಹಾಕಿಕೊಂಡು ಐದು ರಾತ್ರಿ ಇರುವುದು. ನಿನ್ನೆ ಮಿಸ್ ಫಾರಂ ಹಂಚಿದಾಗ ಕ್ಲಾಸಿನಲ್ಲಿ ಕಿವಿ ಕಿತ್ತುಹೋಗುವಷ್ಟು ಗಲಾಟೆ. ಆದರೆ ಸಾಸಿವೆಯ ಪಕ್ಕದಲ್ಲಿ ಕೂತಿದ್ದ ಜಡೆ ಮಾತ್ರ ಫಾರಮ್ಮನ್ನು ಎರಡು ಮಡಿಕೆ ಮಾಡಿ ಸುಮ್ಮನೆ ಬ್ಯಾಗಿಗೆ ಹಾಕಿಕೊಂಡಳು.

ಜಡೆ ಈ ವರ್ಷ ಹೊಸದಾಗಿ ಸೇರಿದವಳು. ಸೊಂಟದ ತನಕ ಜಡೆ ಇದ್ದುದರಿಂದ ಮೊದಲ ದಿನವೇ ಕ್ಲಾಸು ಅವಳಿಗೆ ಆ ಹೆಸರಿಟ್ಟಿತ್ತು. ಅವಳ ಎರಡೂ ಕಿವಿಗಳ ಹಿಂದೆ ಗೋಡಂಬಿಯಂಥ ಪುಟ್ಟ ಮೆಷಿನ್ ಇರುತ್ತಿತ್ತು. ಅದಿದ್ದರೆ ಅವಳಿಗೆ ಮಾತು ಕೇಳಿಸುತ್ತದೆ, ಇಲ್ಲದಿದ್ದರೆ ಹೆಚ್ಚುಕಡಿಮೆ ಏನೂ ಇಲ್ಲ. ಅದಕ್ಕೆ ದಿನಾ ಚಾರ್ಜ್ ಬೇಕು.

“ಕೆರೆ ಹತ್ತಿರ ಕರೆಂಟ್ ಇಲ್ಲ ಅಲ್ವಾ, ಅದಕ್ಕೇ ಅವಳು ಬರ್ತಿಲ್ಲ,” ಎಂದು ಮಿಸ್ ಹೇಳಿದರು. “ಹಿಂದೆ ಒಂದ್ಸಲ ಎಲ್ಲೋ ಹೋದಾಗ ಚಾರ್ಜ್ ಮುಗಿದುಹೋಗಿತ್ತಂತೆ. ಎರಡು ದಿನ ಏನೂ ಕೇಳಿಸದೆ ಒಬ್ಬಳೇ ಕೂತಿದ್ದಳಂತೆ. ಸರಿಯಾದ ಏರ್ಪಾಡು ಇದೆ ಅಂತ ಸೋಮವಾರದೊಳಗೆ ಗೊತ್ತಾದ್ರೆ ಮಾತ್ರ ಫಾರಂಗೆ ಸಹಿ ಹಾಕ್ತೀನಿ ಅಂತ ಅವರಮ್ಮ ಮೊದಲೇ ಹೇಳಿದ್ದಾರೆ.”

ಸಾಸಿವೆಗೆ ಏನಾಯಿತೋ ಏನೋ, ಕೈ ತಾನಾಗಿ ಮೇಲೆ ಹೋಯಿತು.

“ಮಿಸ್, ಸೋಲಾರ್ ಚಾರ್ಜರ್! ನಮ್ಮ ಚಿಕ್ಕಮ್ಮನ ಅಂಗಡೀಲಿ ಇದೆ. ಯಾವುದು ಒಳ್ಳೇದು ಅಂತ ನಾನೇ ನೋಡಿ ಹೇಳ್ತೀನಿ. ನಂಗೆ ಅದೆಲ್ಲಾ ಗೊತ್ತು!”

ಇಡೀ ಕ್ಲಾಸು ಚಪ್ಪಾಳೆ ತಟ್ಟಿತು. ಜಡೆ ಅವಳ ಕಡೆ ತಿರುಗಿದಳು. ಏನೋ ಹೇಳಲು ಬಾಯಿ ತೆರೆದು, ಹೇಳದೆ ಮುಚ್ಚಿಕೊಂಡಳು. ಆ ನೋಟದ ಅರ್ಥ ಸಾಸಿವೆಗೆ ಆಗಲಿಲ್ಲ. ಅದು ಖುಷಿಯೋ, ಬೇಜಾರೋ?

ಅದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿತ್ತು. ಸೋಲಾರ್ ಚಾರ್ಜರ್ ಅಂದರೆ ಏನು ಎಂದು ಸಾಸಿವೆಗೆ ಗೊತ್ತಿದ್ದದ್ದು ಇಷ್ಟೇ: ಅದು ಬಿಸಿಲಿನಲ್ಲಿ ಓಡುತ್ತದೆ.

*

ಚಿಕ್ಕಮ್ಮ ಹೋದ ಮೇಲೆ ಸಾಸಿವೆ ಮೂರನ್ನೂ ಮಂಚದ ಮೇಲೆ ಸಾಲಾಗಿ ಇಟ್ಟಳು.

ಒಂದನ್ನು ಬಿಚ್ಚಿದರೆ ಮಡಿಕೆ ಮಡಿಕೆಯಾಗಿ ತೆರೆದುಕೊಂಡು ಅರ್ಧ ಮಂಚ ತುಂಬಿತು. ನಾಲ್ಕು ಕಪ್ಪು ಹಾಳೆ, ಒಂದು ವೈರು ಸಿಗಿಸುವ ತೂತು, ಅಷ್ಟೇ. ಅವಳು ಅದಕ್ಕೆ ‘ಚಾಪೆ’ ಎಂದು ಹೆಸರಿಟ್ಟಳು.

ಎರಡನೆಯದು ಸೋಪಿನಷ್ಟೇ ಇತ್ತು. ಬೆನ್ನ ಮೇಲೆ ಒಂದೇ ಒಂದು ಪುಟ್ಟ ಕಪ್ಪು ಹಾಳೆ, ಪಕ್ಕದಲ್ಲಿ ನಾಲ್ಕು ದೀಪದ ಚುಕ್ಕೆ. ಅದು ‘ಸೋಪು’.

ಮೂರನೆಯದನ್ನು ಎತ್ತಲು ಎರಡು ಕೈ ಬೇಕಾಯಿತು. ಹಿಡಿ ಇತ್ತು, ಅಂಕಿ ತೋರಿಸುವ ಪುಟ್ಟ ಪರದೆ ಇತ್ತು, ಅದರ ಜೊತೆ ಬೇರೆಯಾಗಿ ಒಂದು ಕಪ್ಪು ಹಲಗೆ ಇತ್ತು. ಅದು ‘ಇಟ್ಟಿಗೆ’ ಅಲ್ಲದೆ ಇನ್ನೇನು?

ಡಬ್ಬಗಳ ಮೇಲೆ ಓದಿದಳು. ವ್ಯಾಟ್. ಎಂಎಎಚ್. ವೋಲ್ಟ್. ಒಂದರಲ್ಲಿ ಇಪ್ಪತ್ತೊಂದು ಇದ್ದರೆ ಇನ್ನೊಂದರಲ್ಲಿ ಹತ್ತು ಸಾವಿರ. ಹತ್ತು ಸಾವಿರ ದೊಡ್ಡದು, ಸರಿ. ಆದರೆ ಹತ್ತು ಸಾವಿರ ಬರೆದದ್ದು ಸೋಪಿನ ಮೇಲೆ! ಚಾಪೆ ಅಷ್ಟು ದೊಡ್ಡದಿದ್ದೂ ಬರೀ ಇಪ್ಪತ್ತೊಂದು. ಸಾಸಿವೆಗೆ ತಲೆ ಧಿಂ ಅಂದಿತು.

ಅಮ್ಮ ಹೊಲಿಗೆ ಮೆಷಿನ್ ಮುಂದೆ ಯಾರದೋ ಕೋಟಿನ ತೋಳು ಹೊಲಿಯುತ್ತಿದ್ದರು. ಸಾಸಿವೆ ಸೋಪನ್ನು ತಂದು ಅವರ ಮುಂದೆ ಹಿಡಿದಳು.

“ಅಮ್ಮ, ಇದೇನು ಎಂಎಎಚ್ ಅಂದ್ರೆ?”

ಅಮ್ಮ ಬಾಯಲ್ಲಿದ್ದ ಗುಂಡುಸೂಜಿಗಳನ್ನು ತೆಗೆದು ಅದರ ಮೇಲೆ ಬರೆದದ್ದನ್ನು ಎರಡು ಸಲ ಓದಿದರು. ಫೋನಿನಲ್ಲೂ ಹುಡುಕಿದರು.

“ನನಗೆ ಅರ್ಥ ಆಗಿದ್ದು ಹೇಳ್ತೀನಿ, ಸರಿ ಇದೆಯೋ ಇಲ್ವೋ ಚಿಕ್ಕಮ್ಮನ್ನ ಕೇಳು. ಈ ಕಪ್ಪು ಹಾಳೆ ಇದೆಯಲ್ಲ, ಅದು ನಲ್ಲಿ. ವ್ಯಾಟ್ ಅಂದ್ರೆ ನೀರು ಎಷ್ಟು ಜೋರಾಗಿ ಬರುತ್ತೆ ಅಂತ. ಒಳಗಿರೋ ಬ್ಯಾಟರಿ ಬಿಂದಿಗೆ. ಎಂಎಎಚ್ ಅಂದ್ರೆ ಬಿಂದಿಗೆ ಎಷ್ಟು ದೊಡ್ಡದು ಅಂತ.”

“ಹಾಗಾದ್ರೆ ಸೋಪಲ್ಲಿ ದೊಡ್ಡ ಬಿಂದಿಗೆ, ಸಣ್ಣ ನಲ್ಲಿ?”

“ಹೂಂ. ನೀನು ಚಾಪೆ ಅಂತೀಯಲ್ಲ, ಅದ್ರಲ್ಲಿ ದೊಡ್ಡ ನಲ್ಲಿ, ಬಿಂದಿಗೇನೇ ಇಲ್ಲ.”

“ಬಿಂದಿಗೇನೇ ಇಲ್ದೆ ಇದ್ರೆ ಅದ್ಯಾಕೆ ಬೇಕು?”

“ಅದೇ ನಂಗೂ ಗೊತ್ತಾಗ್ತಿಲ್ಲ ಮರಿ,” ಎಂದರು ಅಮ್ಮ, ಮತ್ತೆ ಸೂಜಿಗಳನ್ನು ಬಾಯಿಗಿಟ್ಟುಕೊಂಡು.

ಪರೀಕ್ಷೆ ಮಾಡಿಯೇ ನೋಡಬೇಕು ಎಂದು ಸಾಸಿವೆ ಹೊರಗೆ ಹೊರಟಳು. ಅಪ್ಪ ತಡೆದರು.

“ಹೊರಗಿಡಬೇಡ. ಬೆಕ್ಕು ಬೀಳಿಸುತ್ತೆ, ಇಲ್ಲಾಂದ್ರೆ ಬೀದಿ ಮಕ್ಕಳ ಬಾಲ್ ಬಂದು ಬೀಳುತ್ತೆ. ಚಿಕ್ಕಮ್ಮನ ಸಾಮಾನು ಅದು. ನಮ್ಮ ದೊಡ್ಡ ಕಿಟಕಿ ಇಲ್ವಾ? ಬೆಳಗ್ಗೆಯಿಂದ ಸಂಜೆ ತನಕ ಬೆಳಕೇ ಬೆಳಕು!”

ಮುಂದಿನ ಕೋಣೆಯ ಆ ದೊಡ್ಡ ಕಿಟಕಿ ಅಪ್ಪನ ಹೆಮ್ಮೆ. ಹೋದ ವರ್ಷ ಹಳೇ ಗಾಜು ತೆಗೆದು ಹೊಸದನ್ನು ತಾವೇ ಕೂರಿಸಿದ್ದರು. ಮನೆಗೆ ಯಾರೇ ಬಂದರೂ ಮೊದಲು ಅದನ್ನು ತೋರಿಸುತ್ತಿದ್ದರು, ಆಮೇಲೆ ಕುರ್ಚಿ ತೋರಿಸುತ್ತಿದ್ದರು.

ಸಾಸಿವೆ ಮೂರನ್ನೂ ಕಿಟಕಿಯ ಕಟ್ಟೆಯ ಮೇಲೆ ಇಟ್ಟಳು. ಚಾಪೆಗೆ ಅಮ್ಮನ ಹಳೇ ಫೋನ್ ಸಿಗಿಸಿದಳು. ಫೋನು ‘ಟುಂಯ್’ ಎಂದು ಚಾರ್ಜ್ ಶುರುಮಾಡಿತು, ಮತ್ತೆ ನಿಂತಿತು. ಮತ್ತೆ ಟುಂಯ್, ಮತ್ತೆ ನಿಂತಿತು. ಸೋಪಿನ ನಾಲ್ಕು ಚುಕ್ಕೆಗಳಲ್ಲಿ ಒಂದೂ ಉರಿಯಲಿಲ್ಲ. ಇಟ್ಟಿಗೆಯ ಪರದೆಯ ಮೇಲೆ ‘2’ ಎಂದು ಬಂತು. ಹನ್ನೆರಡು ಗಂಟೆಗೂ ಎರಡು. ಮೂರು ಗಂಟೆಗೂ ಎರಡು. ಡಬ್ಬದ ಮೇಲೆ ಇಪ್ಪತ್ತು ವ್ಯಾಟ್ ಎಂದು ಬರೆದಿತ್ತು.

ಸಾಯಂಕಾಲ ಅಪ್ಪ ಬಗ್ಗಿ ನೋಡಿ ನಕ್ಕರು. “ಎಲ್ಲಾ ಡೂಪ್ಲಿಕೇಟ್ ಮಾಲು! ನಿಮ್ಮ ಚಿಕ್ಕಮ್ಮನಿಗೆ ಯಾರೋ ಟೋಪಿ ಹಾಕಿದ್ದಾರೆ.”

ಸಾಸಿವೆ ಅಷ್ಟರಲ್ಲಿ ಚಿಕ್ಕಮ್ಮನಿಗೆ ಫೋನ್ ಮಾಡಿದ್ದಳು, ಆ ಮಾತು ಅವರ ಕಿವಿಗೂ ಬಿತ್ತು. “ಏನಂದ್ರಿ ಭಾವ? ನನ್ನ ಅಂಗಡೀಲಿ ಡೂಪ್ಲಿಕೇಟಾ? ಎಂಟು ವರ್ಷದಿಂದ ನಡೆಸ್ತಿದೀನಿ, ಒಬ್ಬ ಗಿರಾಕಿ ವಾಪಸ್ ತಂದಿಲ್ಲ. ನೀವು ಕೂರಿಸಿದ ಗಾಜು ಎಷ್ಟು ವಾಪಸ್ ಬಂದಿವೆ ಅಂತ ಹೇಳ್ಲಾ?”

“ಒಂದೇ ಒಂದು ಬಂದಿದ್ದು! ಅದೂ ಅವರೇ ಒಡೆದಿದ್ದು!” ಎಂದು ಅಪ್ಪ ಫೋನಿಗಿಂತ ಜೋರಾಗಿ ಕೂಗಿದರು.

ಸಾಸಿವೆ ಇಬ್ಬರ ನಡುವೆ ಫೋನ್ ಹಿಡಿದುಕೊಂಡು ನಿಂತಿದ್ದಳು. ಚಾರ್ಜರ್ ಕೆಟ್ಟಿದೆಯೋ, ಅವಳು ಮಾಡಿದ ಪರೀಕ್ಷೆ ಕೆಟ್ಟಿದೆಯೋ? ಮೂರೂ ಒಟ್ಟಿಗೇ ಕೆಡುವುದಾದರೂ ಹೇಗೆ? ಯಾವುದೂ ಕೆಲಸ ಮಾಡುವುದಿಲ್ಲ ಎಂದು ಮಿಸ್‌ಗೆ ಹೇಳಿದರೆ ಜಡೆ ಕ್ಯಾಂಪಿಗೆ ಬರುವುದಿಲ್ಲ. ಮಾಡುತ್ತದೆ ಎಂದು ಸುಳ್ಳು ಹೇಳಿದರೆ ಕೆರೆಯ ದಂಡೆಯಲ್ಲಿ ಜಡೆ ಮತ್ತೆ ಒಬ್ಬಳೇ, ಏನೂ ಕೇಳಿಸದೆ.



*

ಭಾನುವಾರ ಬೆಳಗ್ಗೆ ಮುಂದಿನ ಕೋಣೆಯಲ್ಲಿ ಬೆಳಕು ತುಂಬಿತ್ತು. ಸಾಸಿವೆ ಇಟ್ಟಿಗೆಯ ಪರದೆ ನೋಡಿದಳು. ಎರಡು.

ಅಜ್ಜಿ ಒಳಗಿನಿಂದ ಕೋಲೂರಿಕೊಂಡು ಬಂದರು. ಕಿಟಕಿ ಪಕ್ಕದಲ್ಲೇ ಮೆತ್ತನೆಯ ಕುರ್ಚಿ ಇತ್ತು, ಅದರ ಮೇಲೆ ಹೊಳೆಯುವ ಬೆಳಕೂ ಬಿದ್ದಿತ್ತು. ಆದರೆ ಅಜ್ಜಿ ಅದನ್ನು ದಾಟಿ, ಬಾಗಿಲು ತೆಗೆದು, ಹೊರಗಿನ ಗಟ್ಟಿ ಮೆಟ್ಟಿಲ ಮೇಲೆ ಉಸ್ಸಪ್ಪಾ ಎಂದು ಕೂತರು. ದಿನವೂ ಹಾಗೇ. ಸಾಸಿವೆ ಇಷ್ಟು ದಿನ ಅದನ್ನು ನೋಡಿದ್ದಳು, ಆದರೆ ಯಾಕೆ ಎಂದು ಯೋಚಿಸಿರಲಿಲ್ಲ.

“ಅಜ್ಜಿ, ಒಳಗೇ ಬಿಸಿಲಿದೆಯಲ್ಲ, ಅಲ್ಲೇ ಕೂತ್ಕೋಬಾರ್ದಾ?”

“ಅದು ಬಿಸಿಲಲ್ಲ ಕಣೇ, ಬರೀ ಬೆಳಕು,” ಎಂದರು ಅಜ್ಜಿ ಮಂಡಿ ನೀವಿಕೊಳ್ಳುತ್ತ. “ನಿಮ್ಮಪ್ಪ ಆ ಗಾಜು ಹಾಕಿದ ಮೇಲೆ ಒಳಗೆ ಬಿಸಿಲು ಎಲ್ಲಿದೆ? ಬೇಸಿಗೇಲಿ ತಂಪಾಗಿರುತ್ತೆ ಅಂತ ಊರಿಗೆಲ್ಲ ಹೇಳ್ಕೊಂಡು ಬರ್ತಾನೆ. ಇರುತ್ತೆ, ಇಲ್ಲ ಅನ್ನಲ್ಲ. ಆದ್ರೆ ನನ್ನ ಮಂಡಿಗೆ ಬೆಳಕು ಸಾಲದು.”

ಸಾಸಿವೆ ಅಜ್ಜಿಯ ಮಂಡಿ ನೋಡಿದಳು. ಕಿಟಕಿ ನೋಡಿದಳು. ಮತ್ತೆ ಮಂಡಿ ನೋಡಿದಳು.

“ಅಯ್ಯೋ!” ಎಂದು ಕಿರುಚಿ ಒಳಗೆ ಓಡಿದಳು.

ಎರಡೇ ನಿಮಿಷದಲ್ಲಿ ಮೂರೂ ಚಾರ್ಜರ್‌ಗಳು ಮೆಟ್ಟಿಲ ಮೇಲೆ ಅಜ್ಜಿಯ ಪಕ್ಕದಲ್ಲಿ ಸಾಲಾಗಿ ಕೂತವು. ಇಟ್ಟಿಗೆಯ ಪರದೆಯ ಮೇಲೆ ಅಂಕಿ ಓಡಿತು. ನಾಲ್ಕು. ಒಂಬತ್ತು. ಹದಿನಾಲ್ಕು! ಚಾಪೆಗೆ ಸಿಗಿಸಿದ ಫೋನ್ ಒಂದೇ ಸಲ ಟುಂಯ್ ಎಂದು, ಮತ್ತೆ ನಿಲ್ಲದೆ ತುಂಬತೊಡಗಿತು. ಸೋಪಿನ ಒಂದು ಚುಕ್ಕೆ ಪಿಳಿಪಿಳಿ ಅಂದಿತು.

“ಅಪ್ಪಾ! ಬೇಗ ಬಾ! ನಿನ್ನ ಗಾಜೇ ಕಳ್ಳ!”

ಅಪ್ಪ ಹಲ್ಲುಜ್ಜುವ ಬ್ರಶ್ ಬಾಯಲ್ಲಿಟ್ಟುಕೊಂಡೇ ಬಂದರು. ಪರದೆ ನೋಡಿದರು. ಇಟ್ಟಿಗೆಯನ್ನೂ ಹಲಗೆಯನ್ನೂ ಎತ್ತಿ ಒಳಗೆ ತಂದು ಕಿಟಕಿಯ ಹಿಂದೆ ಹಿಡಿದರು. ಎರಡು. ಹೊರಗೆ ತಂದರು. ಹದಿನಾಲ್ಕು. ಅವರ ಮುಖ ಮೊದಲು ಪೆಚ್ಚಾಯಿತು, ಆಮೇಲೆ ನಿಧಾನವಾಗಿ ಅರಳಿತು.

“ನೋಡಿದ್ಯಾ ನನ್ನ ಗಾಜು! ಹದಿನಾಲ್ಕು ಬಂದ್ರೆ ಹನ್ನೆರಡನ್ನ ಹೊರಗೇ ನಿಲ್ಲಿಸಿದೆ! ಇನ್ಮೇಲೆ ಗಿರಾಕಿಗಳಿಗೆ ಇದನ್ನೇ ತೋರಿಸ್ತೀನಿ.”

“ಮೊದಲು ನನ್ನ ತಂಗಿಗೆ ಫೋನ್ ಮಾಡಿ, ಡೂಪ್ಲಿಕೇಟ್ ಅಂದಿದ್ದು ತಪ್ಪಾಯ್ತು ಅನ್ನಿ,” ಎಂದರು ಒಳಗಿನಿಂದ ಅಮ್ಮ.

ಅಪ್ಪ ಬಾಯಲ್ಲಿ ನೊರೆ ಇದೆ ಎಂದು ಸನ್ನೆ ಮಾಡಿ ಬಚ್ಚಲಿಗೆ ಓಡಿದರು.

*

ಸಾಸಿವೆಗೆ ಎಲ್ಲಾ ಬಗೆಹರಿಯಿತು ಅನ್ನಿಸಿತು. ಮಧ್ಯಾಹ್ನದವರೆಗೆ ಹಾಗೇ ಅನ್ನಿಸುತ್ತಿತ್ತು. ಅಜ್ಜಿಯನ್ನು ಕಾವಲು ಕೂರಿಸಿ, ನೋಟ್‌ಬುಕ್ಕಿನಲ್ಲಿ ಗೆರೆ ಹಾಕಿ ಗಂಟೆಗೊಂದು ಸಲ ಅಂಕಿ ಬರೆದಳು.

ಬರೆದಷ್ಟೂ ಗೊಂದಲ ಹೆಚ್ಚಾಯಿತು. ಚಾಪೆ ಎಲ್ಲಕ್ಕಿಂತ ಬೇಗ ಚಾರ್ಜ್ ಮಾಡಿತು, ಆದರೆ ಮೋಡ ಬಂದ ಕೂಡಲೇ ಪೂರ್ತಿ ನಿಂತುಹೋಯಿತು. ಸೋಪು ಮೂರು ಗಂಟೆ ಬಿಸಿಲು ಕುಡಿದರೂ ಒಂದನೇ ಚುಕ್ಕೆ ದಾಟಲಿಲ್ಲ. ಇಟ್ಟಿಗೆ ಚೆನ್ನಾಗಿ ತುಂಬುತ್ತಿತ್ತು, ಆದರೆ ಅದನ್ನು ಬ್ಯಾಗಿಗೆ ಹಾಕಿದರೆ ಬೇರೇನೂ ಹಿಡಿಸುವಂತಿರಲಿಲ್ಲ.

ಸಾಯಂಕಾಲ ಚಿಕ್ಕಮ್ಮ ಬಂದರು. ಅಪ್ಪ ತಾವೇ ಕುರ್ಚಿ ಎಳೆದು ಕೊಟ್ಟರು. ಚಿಕ್ಕಮ್ಮ ಕೂತು, “ಏನು ಭಾವ, ಇವತ್ತು ಕಿಟಕಿ ತೋರಿಸ್ಲೇ ಇಲ್ಲ?” ಎಂದರು. ಅಜ್ಜಿಗೆ ನಗು ತಡೆಯಲಾಗಲಿಲ್ಲ.

“ಹೂಂ, ಹೇಳಮ್ಮ ಎಕ್ಸ್‌ಪರ್ಟು, ಯಾವುದು?”

ಸಾಸಿವೆ ನೋಟ್‌ಬುಕ್ ತೆರೆದಳು. ಅವಳು ಬಾಯಿ ತೆರೆಯುವ ಮೊದಲೇ ಅಪ್ಪ, “ಇಟ್ಟಿಗೇನೇ. ಗಟ್ಟಿಯಾಗಿದೆ,” ಎಂದರು.

“ಹತ್ತು ವರ್ಷದ ಮಗು ಅದನ್ನ ಹೊತ್ಕೊಂಡು ನಡೀಬೇಕಾ? ಸೋಪು ಸಾಕು, ಹಗುರ,” ಎಂದರು ಅಜ್ಜಿ.

“ಬೆಟ್ಟ ಹತ್ತೋರೆಲ್ಲ ನನ್ನ ಹತ್ರ ಚಾಪೇನೇ ತಗೋತಾರೆ,” ಎಂದರು ಚಿಕ್ಕಮ್ಮ. “ಆದ್ರೆ ಅವರು ದಾರೀಲಿ ನಡೀತಾ ಬೆನ್ನ ಮೇಲೆ ಬಿಚ್ಚಿ ಹಾಕ್ಕೊಂಡು ಫೋನ್ ಚಾರ್ಜ್ ಮಾಡ್ಕೋತಾರೆ. ಹಗಲು ಹೊತ್ತಲ್ಲಿ.”

ಸಾಸಿವೆ ಪೆನ್ಸಿಲ್ ಕಚ್ಚಿದಳು. “ಜಡೆಗೆ ಹಗಲು ಹೊತ್ತು ಮೆಷಿನ್ ಕಿವೀಲಿ ಇರಬೇಕಲ್ಲ, ಚಿಕ್ಕಮ್ಮ. ಕಿವೀಲಿ ಇದ್ದಾಗ ಚಾರ್ಜ್ ಹೇಗೆ ಮಾಡೋದು? ಮತ್ತೆ ರಾತ್ರಿ ಬಿಸಿಲೇ ಇರಲ್ಲ.”

ಇದು ಯಾರಿಗೂ ಹೊಳೆದಿರಲಿಲ್ಲ.

“ಒಳ್ಳೇ ಮಾತು ಕಣೇ,” ಎಂದರು ಚಿಕ್ಕಮ್ಮ ಕನ್ನಡಕ ಸರಿಮಾಡಿಕೊಂಡು. “ಹಾಗಾದ್ರೆ ಬ್ಯಾಟರಿ ಇರೋದೇ ಬೇಕು. ಸೋಪನ್ನ ಮನೇಲಿ ಕರೆಂಟಲ್ಲೇ ಪೂರ್ತಿ ತುಂಬಿಸ್ಕೊಂಡು ಹೋದ್ರೆ ಐದು ರಾತ್ರಿಗೆ ಸಾಕಾಗಬಹುದು. ಸಾಕಾಗದೆ ಇರಲೂಬಹುದು. ಆ ಮೆಷಿನ್ ಒಂದು ದಿನಕ್ಕೆ ಎಷ್ಟು ಎಳೆಯುತ್ತೆ?”

“ಗೊತ್ತಿಲ್ಲ.”

“ಚಾರ್ಜ್ ಆಗೋಕೆ ಎಷ್ಟು ಹೊತ್ತು ಬೇಕು?”

“ಗೊತ್ತಿಲ್ಲ.”

“ಯಾವ ಥರದ ಪಿನ್ನು? ಡಬ್ಬಿ ಒಳಗಿಟ್ಟು ಚಾರ್ಜ್ ಮಾಡ್ತಾಳೋ, ವೈರ್ ಸಿಗಿಸ್ತಾಳೋ?”

ಸಾಸಿವೆಯ ಮುಖ ಕೆಂಪಾಯಿತು. ನೋಟ್‌ಬುಕ್ಕಿನಲ್ಲಿ ಮೂರು ಚಾರ್ಜರ್‌ಗಳ ವಿಷಯ ಎರಡು ಪುಟ ತುಂಬಿತ್ತು. ಮೆಷಿನ್ನಿನ ವಿಷಯ ಒಂದು ಅಕ್ಷರವೂ ಇರಲಿಲ್ಲ.

ಅಮ್ಮ ಮೂಲೆಯಲ್ಲಿ ಬಟ್ಟೆ ಕತ್ತರಿಸುತ್ತಿದ್ದರು. “ಆ ಹುಡುಗಿ ಏನಂದ್ಲು?” ಎಂದು ಕೇಳಿದರು.

“ಅವಳನ್ನ ಕೇಳಿಲ್ಲ.”

ಅಮ್ಮನ ಕತ್ತರಿ ನಿಂತಿತು. “ಅಳತೆ ತಗೊಳ್ದೇನೇ ಕತ್ತರಿಸೋಕೆ ಕೂತಿದೀಯಾ?”

“ಕೇಳಬಾರದು ಅಂದಿದ್ದಾರಮ್ಮ ಮಿಸ್ಸು!” ಸಾಸಿವೆಯ ದನಿ ಅಳುವಿನ ಹತ್ತಿರ ಬಂತು. “ಅವಳು ಸೇರೋ ಹಿಂದಿನ ದಿನಾನೇ ಹೇಳಿದ್ರು. ‘ಅವಳ ಕಿವಿ ವಿಷಯ ಯಾರೂ ಕೇಳಬಾರದು, ದಿಟ್ಟಿಸಿ ನೋಡಬಾರದು, ಬೇಜಾರಾಗುತ್ತೆ’ ಅಂತ. ನಾನು ಒಂದ್ಸಲಾನೂ ನೋಡಿಲ್ಲ. ಅವಳು ಅದನ್ನ ತೆಗೆದಾಗ ನಾನು ಡೆಸ್ಕ್ ನೋಡ್ತೀನಿ. ಎಲ್ಲರೂ ಹಾಗೇ ಮಾಡ್ತೀವಿ.”

ಅಮ್ಮ ಕತ್ತರಿ ಕೆಳಗಿಟ್ಟರು. ಕತ್ತರಿಸಿದ ಬಟ್ಟೆಯ ಚೂರನ್ನು ಬೆರಳಿಗೆ ಸುತ್ತಿ ಸುತ್ತಿ ಬಿಚ್ಚಿದರು.

“ಕೇಳಿದ್ರೆ ಬೇಜಾರಾಗುತ್ತಾ ಅಮ್ಮ?”

“ನಂಗೆ ಗೊತ್ತಿಲ್ಲ ಮರಿ,” ಎಂದರು ಅಮ್ಮ. “ನಾನು ಅವಳನ್ನ ನೋಡೇ ಇಲ್ಲ. ಪಕ್ಕದಲ್ಲಿ ಕೂರೋಳು ನೀನು.”

ಚಿಕ್ಕಮ್ಮ ಎದ್ದರು. “ಮೂರೂ ಇಲ್ಲೇ ಇರಲಿ. ನಾಳೆ ಸಾಯಂಕಾಲ ಹೇಳು, ಪರವಾಗಿಲ್ಲ.”

ಚಿಕ್ಕಮ್ಮನಿಗೇನೋ ನಾಳೆ ಸಾಯಂಕಾಲವಾದರೂ ನಡೆಯುತ್ತಿತ್ತು. ಆದರೆ ಜಡೆಯ ಫಾರಂ ನಾಳೆ ಬೆಳಗ್ಗೆಯೇ ಕೊಡಬೇಕಿತ್ತು.

*

ಸೋಮವಾರ ಸಾಸಿವೆ ಬೆಲ್ ಹೊಡೆಯಲು ಇನ್ನೂ ಹೊತ್ತಿರುವಾಗಲೇ ಶಾಲೆ ತಲುಪಿದಳು. ದಾರಿಯುದ್ದಕ್ಕೂ ಮನಸ್ಸಿನಲ್ಲಿ ಎರಡು ದನಿ ಜಗಳವಾಡುತ್ತಿದ್ದವು. ‘ಕೇಳು’ ಎನ್ನುತ್ತಿತ್ತು ಒಂದು. ‘ಕೇಳಿದರೆ ಅವಳು ಎದ್ದು ಬೇರೆ ಬೆಂಚಿಗೆ ಹೋಗುತ್ತಾಳೆ’ ಎನ್ನುತ್ತಿತ್ತು ಇನ್ನೊಂದು. ‘ಇಟ್ಟಿಗೆ ಅಂದುಬಿಡು, ದೊಡ್ಡದು, ಯಾವುದಕ್ಕಾದರೂ ಸಾಕಾಗುತ್ತದೆ’ ಎಂದು ಮೂರನೆಯದೊಂದು ನಡುವೆ ಮೂಗು ತೂರಿಸುತ್ತಿತ್ತು. ಆದರೆ ಇಟ್ಟಿಗೆಯ ತೂತಿಗೆ ಜಡೆಯ ಪಿನ್ನು ಹಿಡಿಸದಿದ್ದರೆ?

ಕ್ಲಾಸಿನಲ್ಲಿ ಐದಾರು ಜನ ಡೆಸ್ಕು ಬಡಿದು ಕುಣಿಯುತ್ತಿದ್ದರು. ಜಡೆ ತನ್ನ ಜಾಗದಲ್ಲಿ ಕೂತು ಫಾರಂ ಮುಂದಿಟ್ಟುಕೊಂಡಿದ್ದಳು. ಹೆಸರು, ತರಗತಿ, ವಿಳಾಸ ಎಲ್ಲ ಚೆಂದವಾಗಿ ತುಂಬಿದ್ದಳು. ಸಹಿಯ ಜಾಗ ಖಾಲಿ ಇತ್ತು.

ಅಂದರೆ ಬರಬೇಕು ಅಂತ ಇವಳಿಗೆ ಆಸೆ ಇದೆ, ಎಂದುಕೊಂಡಳು ಸಾಸಿವೆ.

“ಅಮ್ಮ ಗೇಟ್ ಹತ್ರ ಮಿಸ್ ಜೊತೆ ಮಾತಾಡ್ತಿದ್ದಾರೆ,” ಎಂದಳು ಜಡೆ. “ನೀನು ಹೇಳಿದ ಮೇಲೆ ಸಹಿ ಹಾಕೋದಾ ಬೇಡ್ವಾ ನೋಡ್ತಾರಂತೆ. ಯಾವುದು ಅಂತ ಹೇಳ್ತೀಯ?”

ಸಾಸಿವೆ ಬ್ಯಾಗಿನಿಂದ ನೋಟ್‌ಬುಕ್ ತೆಗೆದಳು.

ಹಿಂದಿನ ಬೆಂಚಿನವರು ಡೆಸ್ಕು ಇನ್ನೂ ಜೋರಾಗಿ ಬಡಿದರು. ಜಡೆ ಮುಖ ಕಿವಿಚಿ, ಜಡೆಯನ್ನು ಮುಂದಕ್ಕೆ ಎಸೆದುಕೊಂಡು, ಎಡಗಿವಿಯ ಹಿಂದಿನ ಮೆಷಿನ್ ತೆಗೆದು ಅಂಗೈಯಲ್ಲಿಟ್ಟುಕೊಂಡಳು. ಗಲಾಟೆ ಜಾಸ್ತಿಯಾದಾಗ ಅವಳು ಹಾಗೆ ಮಾಡುತ್ತಿದ್ದಳು. ಸಾಸಿವೆಯ ಕಣ್ಣು ಅಭ್ಯಾಸದಂತೆ ಡೆಸ್ಕಿನ ಕಡೆ ಇಳಿಯಿತು. ಡೆಸ್ಕಿನ ಮೇಲೆ ಯಾರೋ ಹಿಂದೆಂದೋ ಕೆತ್ತಿದ ಮೀನಿನ ಚಿತ್ರವಿತ್ತು. ಎರಡು ತಿಂಗಳಿಂದ ನೋಡಿ ನೋಡಿ ಆ ಮೀನಿನ ಒಂದೊಂದು ಗೆರೆಯೂ ಅವಳಿಗೆ ಬಾಯಿಪಾಠವಾಗಿತ್ತು.

ಮೀನಿನ ಬಗ್ಗೆ ಇಷ್ಟೆಲ್ಲ ಗೊತ್ತು, ಅಂದುಕೊಂಡಳು.

ಅವಳು ಕಣ್ಣೆತ್ತಿ ನೋಡಿದಳು.

ಜಡೆಯ ಅಂಗೈಯಲ್ಲಿದ್ದ ಮೆಷಿನ್ ನೀಲಿ ಬಣ್ಣದ್ದು. ಅದು ನೀಲಿ ಎಂದೇ ಸಾಸಿವೆಗೆ ಗೊತ್ತಿರಲಿಲ್ಲ. ಅದರ ಬೆನ್ನ ಮೇಲೆ ಅಕ್ಕಿಕಾಳಿನಷ್ಟು ಪುಟ್ಟ ಹಳದಿ ನಕ್ಷತ್ರದ ಸ್ಟಿಕ್ಕರ್ ಇತ್ತು. ಅಂಚು ಸ್ವಲ್ಪ ಎದ್ದಿತ್ತು. ಯಾರಾದರೂ ನೋಡಲಿ ಎಂದೇ ಅಲ್ಲವೇ ಸ್ಟಿಕ್ಕರ್ ಅಂಟಿಸುವುದು?

ಸಾಸಿವೆ ನೋಡುತ್ತಿರುವುದು ಜಡೆಗೆ ಗೊತ್ತಾಯಿತು. ಅವಳು ಅಂಗೈ ಮುಚ್ಚಲಿಲ್ಲ. ಶುಕ್ರವಾರ ನೋಡಿದ ಹಾಗೆಯೇ ನೋಡಿದಳು, ಹೇಳಲು ಏನೋ ಇದ್ದೂ ಯಾರೂ ಕೇಳದೆ ಉಳಿದವರ ಹಾಗೆ. ಆ ನೋಟ ಸಾಸಿವೆಗೆ ಈಗ ಅರ್ಥವಾಯಿತು.

ಜಡೆ ಮೆಷಿನ್ನನ್ನು ಮತ್ತೆ ಕಿವಿಗೆ ಸಿಕ್ಕಿಸಿಕೊಳ್ಳುವ ತನಕ ಸಾಸಿವೆ ಕಾದಳು. ಡೆಸ್ಕು ಬಡಿಯುವವರ ಕಡೆ ತಿರುಗಿ, “ಏಯ್, ಒಂದು ನಿಮಿಷ ಸುಮ್ನಿರ್ರೋ!” ಎಂದು ಗದರಿದಳು. ಅವಳ ದನಿ ಕೇಳಿ ಅವರು ನಿಜವಾಗಿಯೂ ನಿಲ್ಲಿಸಿದರು. ಆಮೇಲೆ ಅವಳು ಜಡೆಯ ಎದುರಿಗೆ ನೇರವಾಗಿ ಕೂತಳು.

“ಜಡೆ, ನಂಗೆ ಇದರ ಬಗ್ಗೆ ಏನೂ ಗೊತ್ತಿಲ್ಲ,” ಎಂದಳು ಸಾಸಿವೆ. “ಮನೇಲಿ ನೀನು ಇದನ್ನ ಹೇಗೆ ಚಾರ್ಜ್ ಮಾಡ್ತೀಯ?”